ವರದಿಯಲ್ಲಿ ‘ಎಸ್’ ಇದೆಯೆಂದು ಎನ್ರೋಫ್ಲಾಕ್ಸಸಿನ್ ಅನ್ನು ಮೇರ್‌ನ (ಹೆಣ್ಣು ಕುದುರೆಯ) ಗರ್ಭಕೋಶಕ್ಕೆ ಬಿಡಬೇಡಿ

ಒಂದು ಫಾರಂನಲ್ಲಿ ಆದದ್ದು. ಬೆದೆ ಮೇಲೆ ಬೆದೆ ಕಳೆದರೂ ಗಬ್ಬ ನಿಲ್ಲದ ಮೇರ್‌ಗೆ ಗರ್ಭಕೋಶದಿಂದ ಸ್ವಾಬ್ (ಹತ್ತಿಕಡ್ಡಿಯ ಮಾದರಿ) ತೆಗೆಸಿದರು. ಲ್ಯಾಬಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಯಿತು. ರೋಗಾಣು ಯಾವ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆಂದು ಹೇಳುವ ಸೆನ್ಸಿಟಿವಿಟಿ ವರದಿಯಲ್ಲಿ ಎನ್ರೋಫ್ಲಾಕ್ಸಸಿನ್ ಎದುರು ‘ಎಸ್’. ಅಷ್ಟು ಸಾಕೆಂದು, ದನಗಳಿಗೆ ತಂದಿಟ್ಟಿದ್ದ 10% ಇಂಜೆಕ್ಷನ್ನನ್ನೇ ಪೈಪಿನಲ್ಲಿ ಗರ್ಭಕೋಶಕ್ಕೆ ಬಿಟ್ಟರು. ಒಳಪದರ ಸುಟ್ಟು ಹುಣ್ಣಾಯಿತು, ರಕ್ತ ಒಸರಿತು, ಮಾಯ್ದ ಜಾಗವೆಲ್ಲ ನಾರುಗಟ್ಟಿತು. ಸೋಂಕು ಅಷ್ಟು ಕೆಡಿಸಿರಲಿಲ್ಲ.

‘ಎಸ್’ ಹೇಳುವುದು ಲ್ಯಾಬಿನ ತಟ್ಟೆಯಲ್ಲಿ ಆ ರೋಗಾಣು ಆ ಔಷಧಿಗೆ ಬಗ್ಗುತ್ತದೆ ಎಂದಷ್ಟೇ. ಯಾವ ದಾರಿಯಲ್ಲಿ ಕೊಡಬೇಕು, ಬಾಟಲಿಯ ದ್ರಾವಣ ಒಳಪದರಕ್ಕೆ ಒಗ್ಗುತ್ತದೆಯೇ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. 10% ಎನ್ರೋಫ್ಲಾಕ್ಸಸಿನ್ ಕಡು ಕ್ಷಾರ. ಬೇಕೇ ಆದರೆ ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಜೆಂಟಾಮೈಸಿನ್ ಆಮ್ಲೀಯ, ಅದೂ ಉರಿಸುತ್ತದೆ. ಆದರೆ 1–2 ಗ್ರಾಂ ಔಷಧಿಯ ದ್ರಾವಣ ಎಷ್ಟು ಮಿಲಿಯೋ ಅಷ್ಟೇ ಮಿಲಿ 7.5% ಸೋಡಿಯಂ ಬೈಕಾರ್ಬನೇಟ್ ಬೆರೆಸಿ, ಸಲೈನ್‌ನಲ್ಲಿ ತೆಳು ಮಾಡಿದರೆ ಒಳಗೆ ಬಿಡಬಹುದು. ಅದೇ ಸಿರಿಂಜಿಗೆ ಪೆನಿಸಿಲಿನ್ ಸೇರಿಸಿದಿರೋ, ಜೆಂಟಾಮೈಸಿನ್ನಿನ ಶಕ್ತಿ ಹೋಯಿತು. ವರದಿಯಲ್ಲಿ ಸ್ಟ್ರೆಪ್ಟೊಕಾಕಸ್ ಜೂಎಪಿಡೆಮಿಕಸ್ ಎಂಬ ಬ್ಯಾಕ್ಟೀರಿಯಾ ಬಂದಿದ್ದರೆ ಪೆನಿಸಿಲಿನ್ ಒಂದೇ ಸಾಕು, 50 ಲಕ್ಷ ಯೂನಿಟ್. ಆ ರೋಗಾಣುವಿಗೆ ಟ್ರೈಮೆಥೋಪ್ರಿಮ್-ಸಲ್ಫಾ ಎಂಬ ಔಷಧಿಯ ಎದುರೂ ‘ಎಸ್’ ಬರುವುದುಂಟು, ನಂಬಬೇಡಿ: ತಟ್ಟೆಯಲ್ಲಿ ಗೆದ್ದು ಮೈಯಲ್ಲಿ ಸೋಲುತ್ತದೆ.

ಕೀವಿನ ನಡುವೆ ಜೆಂಟಾಮೈಸಿನ್ ನಿಷ್ಪ್ರಯೋಜಕ. ಮೊದಲು ಒಂದೊಂದು ಲೀಟರ್ ಬೆಚ್ಚಗಿನ ಸ್ಟೆರೈಲ್ ಸಲೈನ್ ಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಉಳಿದ ನೀರು ಹೊರಹೋಗಲು ಆಕ್ಸಿಟೋಸಿನ್ 20 ಯೂನಿಟ್. ಔಷಧಿ ಆಮೇಲೆ. ಇದಕ್ಕೆಲ್ಲ ಮುಂಚೆ ಗಬ್ಬವಿಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾಗಿರಬೇಕು.

ಆ ವರದಿಯೇ ಎಷ್ಟು ನಿಜ ಎಂಬುದು ಇನ್ನೊಂದು ತಲೆನೋವು. ಬಾಲಕ್ಕೆ ಪಟ್ಟಿ ಸುತ್ತಿ, ಯೋನಿಯ ಹೊರಭಾಗ ತೊಳೆದು ಒಣಗಿಸಿ, ಬೆದೆಯಲ್ಲಿ ಗರ್ಭಕೊರಳು ಸಡಿಲವಾಗಿರುವಾಗ ಎರಡು ಕವಚದ ಸ್ವಾಬ್‌ನಿಂದ ತೆಗೆಯದಿದ್ದರೆ ಬೆಳೆಯುವುದು ಹೊರಗಿನ ಕೊಳೆ. ಅದೇ ವೇಳೆ ಗಾಜಿನ ಮೇಲೆ ಸ್ಮಿಯರ್ ಬಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ: ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಇದ್ದರೆ ಉರಿಯೂತ ಇದೆಯೆಂದೇ ಲೆಕ್ಕ. ಇಲ್ಲವೆಂದು ಸೋಂಕನ್ನು ಸಲೀಸಾಗಿ ತಳ್ಳಿಹಾಕಬೇಡಿ, ಇ. ಕೋಲೈ ಸೋಂಕಿನಲ್ಲಿ ಅವು ಕಾಣಿಸದೇ ಇರಬಹುದು. ಅನುಮಾನ ಉಳಿದರೆ 60–150 ಮಿಲಿ ಸಲೈನ್ ಬಿಟ್ಟು ವಾಪಸ್ ತೆಗೆದು, ಅದರ ತಳದ ಗಷ್ಟನ್ನು ಕಲ್ಚರ್‌ಗೆ ಕಳಿಸಿ. ಸೋಂಕು ಮರುಕಳಿಸುತ್ತಲೇ ಇದ್ದರೆ ಆ್ಯಂಟಿಬಯಾಟಿಕ್ ಬದಲಿಸುತ್ತ ಹೋಗಬೇಡಿ, ಯೀಸ್ಟ್ ಹತ್ತಿಕೊಳ್ಳುತ್ತದೆ. ಯೋನಿಯ ತುಟಿಗಳು ಸರಿಯಾಗಿ ಮುಚ್ಚುತ್ತವೆಯೇ ನೋಡಿಸಿ. ಗಾಳಿ, ಲದ್ದಿ ಒಳಹೋಗುತ್ತಿದ್ದರೆ ತುಟಿಗಳ ಮೇಲ್ಭಾಗವನ್ನು ಮುಚ್ಚುವ ಕ್ಯಾಸ್ಲಿಕ್ ಹೊಲಿಗೆ ಹಾಕಿಸಬೇಕು.