ಜಿಂಕೆಯ ಕೊಂಬು ನೋಡಲು ಯಾವುದು ಮೇಲು: 8×42 ದುರ್ಬೀನು, 10×42 ದುರ್ಬೀನು, ಸೂಪರ್‌ಜೂಮ್ ಕ್ಯಾಮೆರಾ

ಗಂಡು ಜಿಂಕೆಯ ಕೊಂಬು ಬೆಳೆಯುವ ಪರಿಯನ್ನು ಗಮನಿಸುವುದಕ್ಕೆಂದೇ ನಾನು ಬೆಂಗಳೂರಿನಿಂದ ಬಂಡೀಪುರ, ನಾಗರಹೊಳೆಗಳಿಗೆ ಹೋಗುತ್ತಿರುತ್ತೇನೆ. ಅದಕ್ಕಾಗಿ ನಾನು ಕೊಂಡದ್ದು 8×42 ದುರ್ಬೀನು, ಅಂದರೆ ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂಗಾಜು 42 ಮಿಲಿಮೀಟರ್ ಅಗಲವಿರುವ ದುರ್ಬೀನು. ತಮ್ಮನ ಸೂಪರ್‌ಜೂಮ್ ಕ್ಯಾಮೆರಾವನ್ನೂ ಸಹೋದ್ಯೋಗಿಯೊಬ್ಬರ 10×42 ದುರ್ಬೀನನ್ನೂ ಅದರೊಂದಿಗೆ ಬಳಸಿ ನೋಡಿದ ಮೇಲೆ, ನನ್ನ ಆಯ್ಕೆಯೇ ಸರಿ ಎಂಬುದು ಇನ್ನಷ್ಟು ಖಚಿತವಾಗಿದೆ. ಹೊರದೇಶಗಳಲ್ಲಿ ಬೇಟೆಯ ಹಂಗಾಮಿಗೆ ಮುಂಚೆ ಕೊಂಬನ್ನು ಅಂದಾಜು ಮಾಡುವ ರೂಢಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವ ನಮ್ಮಲ್ಲಿ ನೋಡುವುದಷ್ಟೇ ಉದ್ದೇಶ.

ನಮ್ಮ ಚುಕ್ಕೆ ಜಿಂಕೆಗಳೆಲ್ಲವೂ ಒಂದೇ ಕಾಲಕ್ಕೆ ಕೊಂಬು ಉದುರಿಸುವುದಿಲ್ಲವಾದ್ದರಿಂದ, ಒಂದೇ ಹಿಂಡಿನಲ್ಲಿ ಬಲಿತ ಕೊಂಬಿನದೂ ಎಳೆಯ ಕೊಂಬಿನದೂ ಒಟ್ಟಿಗೆ ಮೇಯುತ್ತಿರುತ್ತವೆ. ಹಣೆಯ ಬಳಿಯ ಕವಲು ಮೊದಲು ಮೂಡುತ್ತದೆ, ಅನಂತರ ನಡುಕೊಂಬು ನೀಳವಾಗಿ ತುದಿಯಲ್ಲಿ ಎರಡಾಗುತ್ತದೆ. ಬೆಳೆಯುವಷ್ಟು ಕಾಲವೂ ಕೊಂಬಿನ ಮೇಲೆ ನುಣ್ಣನೆಯ ರೋಮವಿರುವ, ರಕ್ತನಾಳಗಳು ತುಂಬಿದ ಚರ್ಮವಿದ್ದು, ಕೊಂಬು ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಆದ್ದರಿಂದ ದಪ್ಪವನ್ನು ನಂಬದೆ, ಉದ್ದವನ್ನು ಕಿವಿಯೊಂದಿಗೆ ಹೋಲಿಸಿ, ತುದಿಯನ್ನು ನೋಡಬೇಕು: ಗುಂಡಗೆ ಉಬ್ಬಿದ್ದರೆ ಇನ್ನೂ ಬೆಳೆಯುತ್ತಿದೆ, ಚೂಪಾಗಿ, ಮರಕ್ಕೆ ಉಜ್ಜಿ ಬೆಳ್ಳಗಾಗಿದ್ದರೆ ಬೆಳವಣಿಗೆ ಮುಗಿದಿದೆ.

ಕ್ಯಾಮೆರಾ ಸೋಲುವುದು ಈ ತುದಿಯಲ್ಲಿಯೇ. ಬಂಡೀಪುರದಲ್ಲಿ ಜಿಂಕೆಗೂ ಜೀಪಿಗೂ ನಡುವೆ ಬಹುಪಾಲು ಒಂದು ಲಂಟಾನ ಪೊದೆ ಇದ್ದೇ ಇರುತ್ತದೆ. ಆಟೋಫೋಕಸ್ ಮೊದಲು ಹಿಡಿಯುವುದು ಅದರ ಎಲೆಯನ್ನು. ಜಿಂಕೆ ಹಿಂದೆ ಕಂದು ಮಸುಕಾಗಿ ನಿಲ್ಲುತ್ತದೆ. ಫೋಕಸ್ ಚೌಕವನ್ನು ಅತಿ ಚಿಕ್ಕದಾಗಿಸಿದರೂ ಪೂರ್ಣ ಜೂಮಿನಲ್ಲಿ ಜೀಪು ಅಲುಗಿದಾಗಲೆಲ್ಲ ಅದು ಕೊಂಬಿನಿಂದ ಜಾರಿ ಮತ್ತೆ ಪೊದೆಗೆ ಹೋಗುತ್ತದೆ. ಕೈಯಿಂದಲೇ ಫೋಕಸ್ ಮಾಡೋಣವೆಂದರೆ ಉಂಗುರ ತಿರುಗಿಸಿ ಮುಗಿಯುವುದರೊಳಗೆ ಪ್ರಾಣಿ ತಲೆ ತಗ್ಗಿಸಿ ಮೇಯಲು ತೊಡಗಿರುತ್ತದೆ.

ಇದೆಲ್ಲ ಸರಿಹೋಗಿ ಚಿತ್ರ ಸಿಕ್ಕಿತೆನ್ನಿ. ಬೆಳಗಿನ ಮಬ್ಬಿನಲ್ಲಿ ಚಿಕ್ಕ ಸೆನ್ಸರು ಕಾಳುಕಾಳಾದ ಚಿತ್ರವನ್ನು ನಯಗೊಳಿಸಲು ಹೋಗಿ ಆ ರೋಮವನ್ನೇ ಅಳಿಸಿಬಿಡುತ್ತದೆ. ಎಳೆಯ ಕೊಂಬೋ ಬಲಿತದ್ದೋ ಎಂಬ ಪ್ರಶ್ನೆಗೆ ಉತ್ತರವಿದ್ದದ್ದು ಆ ರೋಮದಲ್ಲಿ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೂ ಅದು ಮರಳಿ ಬರುವುದಿಲ್ಲ. ದಾಖಲೆ ಉಳಿಯುತ್ತದೆ ಎಂಬ ಒಂದು ಗುಣವನ್ನು ಮಾತ್ರ ನಾನು ಒಪ್ಪುತ್ತೇನೆ.

10×42 ಒಳ್ಳೆಯ ಉಪಕರಣವೇ. ಅಂಗಡಿಯ ಮುಂದೆ ನಿಂತು ರಸ್ತೆಯಾಚೆಯ ಫಲಕವನ್ನು ಓದಿದರೆ ಯಾರಿಗಾದರೂ ಅದೇ ಮೇಲೆನಿಸುತ್ತದೆ. ಆದರೆ ಎಂಜಿನ್ ಚಾಲೂ ಇರುವ ಸಫಾರಿ ಜೀಪಿನಲ್ಲಿ ಕೈನಡುಕವೂ ಹತ್ತು ಪಟ್ಟಾಗುತ್ತದೆ; ಕಣ್ಣಿಗೆ ತಲುಪುವ ಬೆಳಕಿನ ವೃತ್ತ 8×42ರಲ್ಲಿ 5.25 ಮಿಲಿಮೀಟರ್ ಇದ್ದರೆ ಇದರಲ್ಲಿ 4.2 ಮಾತ್ರ, ಹಾಗಾಗಿ ಮಬ್ಬಿನಲ್ಲಿ ನೋಟ ಮಂಕಾಗುತ್ತದೆ. ಹಿಂಡಿನಲ್ಲಿ ಬೇಕಾದ ಗಂಡನ್ನು ಹುಡುಕುವುದಕ್ಕೂ 8×42ರ ಅಗಲವಾದ ನೋಟವೇ ಅನುಕೂಲ.

ಒಂದೇ ಕಣ್ಣಿನಿಂದ ನೋಡುವ, ಇವಕ್ಕಿಂತ ಹೆಚ್ಚು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪಿಗೆ ಟ್ರೈಪಾಡ್ ಬೇಕು. ಸಫಾರಿ ವಾಹನದಲ್ಲಿ ಅದಕ್ಕೆ ಜಾಗವಿಲ್ಲ.

ಹದಿನೈದು ಸಾವಿರ ರೂಪಾಯಿಯೊಳಗೆ, ಮುಂಜಾನೆಯ ಸಫಾರಿಯನ್ನೇ ಹೆಚ್ಚಾಗಿ ಆರಿಸಿಕೊಳ್ಳುವ ನನ್ನಂಥವರಿಗೆ 8×42 ಸಾಕು. ನಡೆದುಹೋಗಿ ಒಂದೆಡೆ ಕುಳಿತು, ಮೊಣಕೈಯೂರಿ ನೋಡುವ ಅವಕಾಶವಿದ್ದವರು 10×42 ಕೊಳ್ಳಬಹುದು. ಕನ್ನಡಕ ಹಾಕುವವರು ಯಾವುದನ್ನೇ ಕೊಂಡರೂ, ಕನ್ನಡಕ ತೆಗೆಯದೆ ಪೂರ್ತಿ ವೃತ್ತ ಕಾಣುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.