ಸಲೂನಿಗೆ ಬಿಲ್ಲಿಂಗ್ ಆ್ಯಪ್ ಬೇಕಾ? ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ದಾವಣಗೆರೆಯ ವಿದ್ಯಾನಗರದ ಕಡೆ ನನ್ನದೊಂದು ಜೆಂಟ್ಸ್ ಸಲೂನ್ ಇದೆ. ಮೂರು ಕುರ್ಚಿ. ನಾನು, ಜೊತೆಗೆ ಇಬ್ಬರು ಹುಡುಗರು. ಬಿಲ್ಲಿಂಗ್ ಆ್ಯಪ್ ಹಾಕಿಸಿ ಎರಡು ವರ್ಷದ ಮೇಲಾಯಿತು. ಮಾರಲು ಬಂದವರು 'ಸೇಲ್ಸ್ ಡಬಲ್ ಆಗುತ್ತೆ ಸರ್' ಅಂದಿದ್ದರು. ಡಬಲ್ ಆಗಲಿಲ್ಲ. ಆ್ಯಪ್ ನೋಡಿ ಒಬ್ಬ ಹೊಸ ಗಿರಾಕಿಯೂ ಅಂಗಡಿ ಮೆಟ್ಟಿಲು ಹತ್ತಿಲ್ಲ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವ ದುಡ್ಡು ಜಾಸ್ತಿ ಆಗಿದೆ. ಹೇಗೆ ಅಂತ ಹೇಳುತ್ತೇನೆ.

ಆ್ಯಪಿನ ಹೆಸರು ಬರೆಯುವುದಿಲ್ಲ. ಇಂಥವು ಮಾರ್ಕೆಟ್ಟಿನಲ್ಲಿ ಹತ್ತಾರು ಇವೆ, ಒಳಗಿರುವ ಮಾಲು ಹೆಚ್ಚುಕಮ್ಮಿ ಒಂದೇ. ಬಿಲ್, ಗಿರಾಕಿಯ ನಂಬರ್, ಸ್ಟಾಫ್ ಕಮಿಷನ್, ಸ್ಟಾಕ್, ಅಪಾಯಿಂಟ್‌ಮೆಂಟ್, ಮೆಸೇಜ್, ರಿಪೋರ್ಟ್. ಇದರಲ್ಲಿ ಅರ್ಧ ನಮ್ಮಂಥ ಅಂಗಡಿಗೆ ಬೇಕಾಗಿಲ್ಲ. ಉಳಿದರ್ಧಕ್ಕೆ ಕೊಟ್ಟ ದುಡ್ಡು ವಸೂಲಾಗಿದೆ.

ಮೊದಲು ಕಮಿಷನ್ ವಿಷಯ. ನಮ್ಮ ಕಸುಬಿನಲ್ಲಿ ಅರ್ಧಕ್ಕರ್ಧ ಲೆಕ್ಕ ಹಳೆಯದು. ರಾತ್ರಿ ಶಟರ್ ಎಳೆಯುವ ಮುಂಚೆ ನೋಟ್‌ಬುಕ್ ತೆಗೆದು ಯಾರದು ಎಷ್ಟು ತಲೆ ಅಂತ ಎಣಿಸಿ ಹಂಚುವುದು. ಕಟಿಂಗ್, ಶೇವಿಂಗ್‌ಗೆ ಇದು ಸರಿ. ಒಂದು ಬ್ಲೇಡು, ಒಂದಿಷ್ಟು ಕ್ರೀಮು, ಅಷ್ಟೇ ಖರ್ಚು. ಆದರೆ ಕಲರ್, ಫೇಶಿಯಲ್ ಬಂದಾಗ ಲೆಕ್ಕ ಬದಲಾಗುತ್ತದೆ. 800 ರೂಪಾಯಿಯ ಕಲರ್ ಮಾಡಿದರೆ ಅದರಲ್ಲಿ 180 ರೂಪಾಯಿ ಕಲರ್ ಟ್ಯೂಬು, ಅದಕ್ಕೆ ಬೆರೆಸುವ ಡೆವಲಪರ್‌ಗೇ ಹೋಗುತ್ತದೆ. 800ನ್ನು ಸುಮ್ನೆ ಎರಡು ಭಾಗ ಮಾಡಿದರೆ ಹುಡುಗನಿಗೆ 400, ಓನರ್‌ಗೆ ಸಾಮಾನಿನ ಖರ್ಚು ಕಳೆದು 220. ಬಾಡಿಗೆ, ಕರೆಂಟು, ಟವೆಲ್ ಒಗೆಸುವುದು ಎಲ್ಲ ಆ 220ರಲ್ಲೇ ಬರಬೇಕು. ಆ್ಯಪಿನಲ್ಲಿ ಒಂದೊಂದು ಕೆಲಸಕ್ಕೂ ಸಾಮಾನಿನ ಖರ್ಚು ಬರೆದಿಟ್ಟರೆ ಮೊದಲು ಅದನ್ನು ಕಳೆದು, ಉಳಿದ 620ನ್ನು ಹಂಚುತ್ತದೆ. ಇಬ್ಬರಿಗೂ 310.

ಹುಡುಗರು ಇದನ್ನು ಸುಮ್ಮನೆ ಒಪ್ಪುತ್ತಾರಾ? ಇಲ್ಲ. ಒಪ್ಪಲೂ ಬಾರದು, ಒಂದು ಕಲರ್‌ಗೆ 90 ರೂಪಾಯಿ ಕಮ್ಮಿ ಆಗುತ್ತದಲ್ಲ. ಅದಕ್ಕೆ ಹೆಡ್ ಮಸಾಜ್‌ನಲ್ಲಿ ಅವರ ಪಾಲು ಹೆಚ್ಚಿಸಿದೆ. ಶಾಂಪೂ, ಹೇರ್ ವ್ಯಾಕ್ಸ್ ಮಾರಿದರೆ ಅದರಲ್ಲೂ ಒಂದು ಪಾಲು ಅಂತ ಮಾಡಿದೆ. ಟಿಪ್ಸ್ ಪೂರ್ತಿ ಅವರದು. ಈ ಟಿಪ್ಸ್ ವಿಷಯ ಸಣ್ಣದು ಅನಿಸಬಹುದು, ಆದರೆ ಈಗ ಯಾರೂ ಕೈಗೆ ಹತ್ತು ರೂಪಾಯಿ ಇಡುವುದಿಲ್ಲ. 150ರ ಬಿಲ್‌ಗೆ ಫೋನ್‌ಪೇಯಲ್ಲಿ 170 ಹಾಕಿ 'ಹುಡುಗನಿಗೆ ಕೊಡಿ' ಅಂತ ಹೋಗುತ್ತಾರೆ. ದುಡ್ಡು ಓನರ್ ಅಕೌಂಟಿಗೆ ಬರುತ್ತದೆ, ಸಂಜೆ ಹೊತ್ತಿಗೆ ಮರೆತು ಹೋಗುತ್ತದೆ. ಬಿಲ್ಲಿನಲ್ಲೇ ಟಿಪ್ಸ್ ಅಂತ ಒಂದು ಸಾಲು ಇದೆ. ಅಲ್ಲಿ ಹಾಕಿದರೆ ರಾತ್ರಿ ಅವರ ಲೆಕ್ಕದಲ್ಲಿ ಕಾಣುತ್ತದೆ. ಹುಡುಗರು ಅಂಗಡಿ ಬಿಟ್ಟು ಹೋಗದೆ ಇರುವುದಕ್ಕೆ ಯಾವ ಆಫರ್‌ಗಿಂತ ಇದು ಮುಖ್ಯ. ಒಬ್ಬ ಕೈ ಚೆನ್ನಾಗಿರುವ ಹುಡುಗ ಹೋದರೆ ಅವನ ಗಿರಾಕಿಗಳೂ ಅವನ ಹಿಂದೆ ಹೋಗುತ್ತಾರೆ. ಈ ಲೈನಿನಲ್ಲಿ ಇರುವವರಿಗೆಲ್ಲ ಇದು ಗೊತ್ತು.

ಇನ್ನು ಲಾಭದ ಮಾತು. ರಿಪೋರ್ಟಿನಲ್ಲಿ ಒಂದೊಂದು ಕೆಲಸಕ್ಕೆ ಎಷ್ಟು ಸಮಯ, ಎಷ್ಟು ದುಡ್ಡು ಅಂತ ಬರುತ್ತದೆ. ಅದನ್ನು ಇಟ್ಟುಕೊಂಡು ಕೂತು ನಿಮಿಷದ ಲೆಕ್ಕ ಹಾಕಬೇಕು. ನನ್ನ ರೇಟಿನಲ್ಲಿ ಹೇಳುತ್ತೇನೆ. ಕಟಿಂಗ್ 150, 25 ನಿಮಿಷ, ಅಂದರೆ ನಿಮಿಷಕ್ಕೆ 6 ರೂಪಾಯಿ. ಶೇವಿಂಗ್ 60, 15 ನಿಮಿಷ, ನಿಮಿಷಕ್ಕೆ 4. ಫೇಶಿಯಲ್ 600, ಅದರಲ್ಲಿ ಸಾಮಾನು 120, ಸಮಯ 50 ನಿಮಿಷ, ನಿಮಿಷಕ್ಕೆ 9 ರೂಪಾಯಿ 60 ಪೈಸೆ. ಡೈ 250, ಸಾಮಾನು 70, ಹಚ್ಚಲು 20 ನಿಮಿಷ, ನಿಮಿಷಕ್ಕೆ 9. ಡೈನಲ್ಲಿ ಇನ್ನೊಂದು ಅನುಕೂಲ ಇದೆ. ಹಚ್ಚಿದ ಮೇಲೆ ಗಿರಾಕಿ ಬೆಂಚಿನಲ್ಲಿ ಪೇಪರ್ ಓದುತ್ತಾ ಅರ್ಧ ಗಂಟೆ ಕೂರುತ್ತಾರೆ, ಕುರ್ಚಿ ಖಾಲಿ. ಅಷ್ಟರಲ್ಲಿ ಒಂದು ಕಟಿಂಗ್ ಮುಗಿಯುತ್ತದೆ.

ಈ ಲೆಕ್ಕ ನೋಡಿದರೆ ಭಾನುವಾರ ಬರೀ ಫೇಶಿಯಲ್ ಮಾಡಬೇಕು ಅನಿಸುತ್ತದೆ. ಆ್ಯಪ್ ಕೂಡ 'ಟಾಪ್ ಸರ್ವೀಸ್' ಅಂತ ಅದನ್ನೇ ಮೇಲೆ ತೋರಿಸುತ್ತದೆ. ಇಲ್ಲೇ ಅದನ್ನು ಪೂರ್ತಿ ನಂಬಬಾರದು. ಭಾನುವಾರ ಬೆಳಿಗ್ಗೆ ಬೆಂಚ್ ತುಂಬಿರುತ್ತದೆ. ಒಬ್ಬರು ಫೇಶಿಯಲ್‌ಗೆ ಮಲಗಿದರೆ ಕಟಿಂಗ್‌ಗೆ ಬಂದ ಇಬ್ಬರು ಎದ್ದು ಎದುರುಗಡೆ ಅಂಗಡಿಗೆ ಹೋಗುತ್ತಾರೆ. ಹೋಗುವುದು ಬರೀ 300 ರೂಪಾಯಿ ಅಲ್ಲ. ಅವರು ಅಲ್ಲೇ ಹೊಂದಿಕೊಂಡರೆ ವರ್ಷವಿಡೀ ಬರುವ ಗಿರಾಕಿ ಹೋದಂಗೆ. ಫೇಶಿಯಲ್‌ನವರು ಹಾಗಲ್ಲ. 'ಬುಧವಾರ ಮಧ್ಯಾಹ್ನ ಬನ್ನಿ ಸರ್, ಆರಾಮಾಗಿ ಮಾಡ್ತೀನಿ, ನೂರು ರೂಪಾಯಿ ಕಮ್ಮಿ' ಅಂದರೆ ಬರುತ್ತಾರೆ. ಬುಧವಾರ ಮಧ್ಯಾಹ್ನ ಕುರ್ಚಿ ಹೇಗೂ ಖಾಲಿ, ಫ್ಯಾನು ಹೇಗೂ ತಿರುಗುತ್ತಿರುತ್ತದೆ. ಅಲ್ಲಿ ಬರುವ 500ರಲ್ಲಿ ಸಾಮಾನಿನ ಖರ್ಚು, ಹುಡುಗನ ಪಾಲು ಬಿಟ್ಟು ಉಳಿದದ್ದೆಲ್ಲ ಲಾಭವೇ. ಹಾಗಾಗಿ ನಮ್ಮಲ್ಲಿ ಭಾನುವಾರ ಮಧ್ಯಾಹ್ನದವರೆಗೆ ಫೇಶಿಯಲ್ ಇಲ್ಲ, ಯಾವ ಆಫರೂ ಇಲ್ಲ. ಆಫರ್ ಏನಿದ್ದರೂ ವಾರದ ನಡುವೆ. ಕೈಯಲ್ಲಿ ಉಳಿಯುವ ದುಡ್ಡು ಏರಿದ್ದಕ್ಕೆ ಈ ಒಂದು ಬದಲಾವಣೆಯೇ ದೊಡ್ಡ ಕಾರಣ. ಗಿರಾಕಿಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇದೆ.

ಕಟಿಂಗ್, ಶೇವಿಂಗ್ ರೇಟು ಇಳಿಸುವ ದಾರಿ ನಮಗೆ ಹೇಗೂ ಇಲ್ಲ. ನಮ್ಮ ಕಡೆ ಸಂಘದವರು ಕೂತು ರೇಟು ಮಾಡುತ್ತಾರೆ, ಬೋರ್ಡ್ ಕೊಡುತ್ತಾರೆ, ಅದನ್ನು ಕನ್ನಡಿ ಪಕ್ಕ ತೂಗುಹಾಕಬೇಕು. ಅದು ಒಳ್ಳೆಯದೇ ಅನ್ನುತ್ತೇನೆ. ಒಬ್ಬ 20 ರೂಪಾಯಿ ಇಳಿಸಿದರೆ ಇನ್ನೊಬ್ಬ 30 ಇಳಿಸುತ್ತಾನೆ, ಕೊನೆಗೆ ಇಬ್ಬರಿಗೂ ಬಾಡಿಗೆ ಕಟ್ಟಲು ಆಗುವುದಿಲ್ಲ. ಆದರೆ ಆ್ಯಪ್ ಮಾಡಿದವರಿಗೆ ಇದೆಲ್ಲ ಗೊತ್ತಿಲ್ಲ. ಅದರಲ್ಲಿ 'ಮಂಗಳವಾರದ ಸ್ಪೆಷಲ್ ಆಫರ್' ಅಂತ ರೆಡಿ ಪೋಸ್ಟರ್ ಇದೆ! ಮಂಗಳವಾರ ನಮ್ಮೂರಲ್ಲಿ ಕಟಿಂಗ್ ಶಾಪ್‌ಗೆ ರಜೆ ಅಲ್ವಾ.

ನಮ್ಮ ಕ್ಯಾಲೆಂಡರ್ ಅರ್ಥವಾಗದೆ ಇರುವುದೇ ಈ ಆ್ಯಪಿನ ದೊಡ್ಡ ಕೊರತೆ. ಅಮಾವಾಸ್ಯೆ ದಿನ ಜನ ಬರುವುದಿಲ್ಲ. ಪಿತೃಪಕ್ಷದಲ್ಲಿ ಕಮ್ಮಿ. ಆಷಾಢದಲ್ಲಿ ಮದುವೆ ಇಲ್ಲ, ಮದುಮಗನ ಮೇಕಪ್ ಇಲ್ಲ. ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಕೂದಲು, ಗಡ್ಡ ಮುಟ್ಟುವುದಿಲ್ಲ. ಈ ದಿನಗಳಲ್ಲಿ ಆ್ಯಪ್ ಕೆಂಪು ಬಾಣ ತೋರಿಸಿ 'ನಿಮ್ಮ ಬಿಸಿನೆಸ್ ಇಳಿಯುತ್ತಿದೆ' ಅನ್ನುತ್ತದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಒಂದು ತಿಂಗಳು ಬರದವರಿಗೆ ತಾನಾಗಿಯೇ ಮೆಸೇಜ್ ಕಳಿಸುವ ವ್ಯವಸ್ಥೆ ಅದರಲ್ಲಿದೆ. ಮಾಲೆ ಹಾಕಿದ್ದ ಒಬ್ಬ ಗಿರಾಕಿಗೆ 'ವಿ ಮಿಸ್ ಯು, ಶೇವಿಂಗ್ ಮೇಲೆ 20% ಆಫ್' ಅಂತ ಹೋಗಿದೆ. ಅವರು ಸಂಕ್ರಾಂತಿ ಮುಗಿಸಿ ಬಂದು ಅದನ್ನು ಅಂಗಡಿಯಲ್ಲಿದ್ದವರಿಗೆಲ್ಲ ಓದಿ ತೋರಿಸಿದರು. ನಗುವವರು ನಕ್ಕರು, ಸರಿ. ಇಂಥದ್ದೇ ಮೆಸೇಜು ಸೂತಕದ ಮನೆಗೆ ಹೋಗಿದ್ದರೆ? ಅವತ್ತೇ ಆಟೋ ಮೆಸೇಜ್ ಬಂದ್ ಮಾಡಿದೆ.

ಆದರೆ ಹಿಂದಿನ ವರ್ಷದ ಲೆಕ್ಕ ಕೈಯಲ್ಲಿ ಇರುವುದರಿಂದ ಪ್ಲಾನ್ ಮಾಡಲು ಅನುಕೂಲ. ಸಂಕ್ರಾಂತಿ ಆದ ಮೇಲಿನ ವಾರ ರಶ್ ಬರುತ್ತದೆ ಅಂತ ನಮಗೆ ಮೊದಲಿಂದಲೂ ಗೊತ್ತು. ಎಷ್ಟು ರಶ್ ಅಂತ ಗೊತ್ತಿರಲಿಲ್ಲ. ಈಗ ಹುಡುಗರ ಊರಿನ ರಜೆಯನ್ನು ಡಿಸೆಂಬರ್‌ನಲ್ಲೇ ಮುಗಿಸುತ್ತೇವೆ. ಇಂಜಿನಿಯರಿಂಗ್ ಕಾಲೇಜಿಗೆ ರಜೆ ಬಿದ್ದಾಗ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಹೊತ್ತಿಗೆ, ಎಲ್ಲಕ್ಕೂ ಅಂದಾಜು ಸಿಗುತ್ತದೆ. ವ್ಯಾಕ್ಸ್, ಕಲರ್ ಎಷ್ಟು ತರಬೇಕು ಅನ್ನುವುದೂ ಅಷ್ಟೇ. ಡೀಲರ್ 'ಒಂದು ಡಜನ್ ತಗೊಳ್ಳಿ, ಎರಡು ಫ್ರೀ' ಅಂದ ಕೂಡಲೇ ತಲೆ ಆಡಿಸುವುದು ನಿಂತಿದೆ.

ಮೆಸೇಜ್ ಪೂರ್ತಿ ವೇಸ್ಟ್ ಅಂತಲ್ಲ. ಒಂದು ಕೆಲಸಕ್ಕೆ ಮಾತ್ರ ಬಹಳ ಉಪಯೋಗ: ಡೈ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೂರು ವಾರಕ್ಕೆ ಬುಡದಲ್ಲಿ ಬಿಳಿ ಕಾಣುತ್ತದೆ. ಕನ್ನಡಿ ನೋಡಿ 'ಈ ವಾರ ಹೋಗಬೇಕು' ಅಂದುಕೊಂಡು ಮುಂದಕ್ಕೆ ಹಾಕುವವರೇ ಜಾಸ್ತಿ. ಅವರಿಗೆ ಒಂದು ಸಾಲು ಕಳಿಸಿದರೆ ಸಾಕು, ಬರುತ್ತಾರೆ. ಒಂದೂವರೆ ತಿಂಗಳಿಗೆ ಬರುತ್ತಿದ್ದವರು ಮೂರ್ನಾಲ್ಕು ವಾರಕ್ಕೇ ಬರತೊಡಗಿದ್ದಾರೆ. ಯಾರಿಗೆ ಯಾವಾಗ ಮಾಡಿದ್ದು ಅನ್ನುವ ಲಿಸ್ಟ್ ಆ್ಯಪಿನಿಂದ ತೆಗೆಯುತ್ತೇನೆ, ಮೆಸೇಜ್ ಮಾತ್ರ ನನ್ನ ವಾಟ್ಸಾಪ್ ಬಿಸಿನೆಸ್‌ನಿಂದ ಕೈಯಾರೆ ಕಳಿಸುತ್ತೇನೆ. ಅದು ಫ್ರೀ. ಆ್ಯಪಿನ ಎಸ್ಸೆಮ್ಮೆಸ್ ಪ್ಯಾಕ್‌ಗೆ ಬೇರೆ ದುಡ್ಡು ಕೊಡಬೇಕು. ಅದರಲ್ಲೂ ಕನ್ನಡದಲ್ಲಿ ಕಳಿಸಿದರೆ ಖರ್ಚು ಜಾಸ್ತಿ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ನಾಲ್ಕು ಮಾತು ಬರೆಯುವುದರಲ್ಲಿ ಎರಡು ಮೆಸೇಜಿನ ಚಾರ್ಜು. ಮೇಲಾಗಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ವ್ಯಾಪಾರದ ಎಸ್ಸೆಮ್ಮೆಸ್‌ಗೆ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜಿನ ನಮೂನೆ) ಎಲ್ಲ ಮೊದಲೇ ರಿಜಿಸ್ಟರ್ ಮಾಡಿಸಬೇಕು. ಮೂರು ಕುರ್ಚಿಯ ಅಂಗಡಿಗೆ ಯಾಕೆ ಬೇಕು ಆ ರಗಳೆ.

ಕಳಿಸುವ ಮುಂಚೆ ಗಿರಾಕಿಯನ್ನು ಒಂದು ಮಾತು ಕೇಳಿ. ಒಬ್ಬ ಹಿರಿಯರು ನನಗೆ ಹೇಳಿದ್ದು: 'ತಮ್ಮಾ, ಡೈ ಅಂತ ಬರೀಬ್ಯಾಡ. ಫೋನು ಮನೆಯಾಗ ಎಲ್ಲಾರ ಕೈಯಾಗ ಇರ್ತೈತಿ. ಸುಮ್ನೆ ಬರ್ರಿ ಅಂತ ಹಾಕು, ಸಾಕು.'

ಗಿರಾಕಿ ಹೆಸರಿನ ಕೆಳಗೆ ನೋಟ್ ಬರೆಯುವ ಜಾಗ ಒಂದಿದೆ. ಇದನ್ನು ಯಾರೂ ಬಳಸುವುದಿಲ್ಲ, ನಾನು ಜಾಸ್ತಿ ಬಳಸುವುದು ಇದನ್ನೇ. ಕಟಿಂಗ್ ಮಷಿನ್ನಿಗೆ ಯಾವ ನಂಬರಿನ ಕ್ಲಿಪ್, ಯಾವ ಶೇಡ್, ಯಾರಿಗೆ ಡೈ ಉರಿ ಬರುತ್ತದೆ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ಕೆಮಿಕಲ್ ಇರುತ್ತದೆ, ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ಹೊಸಬರಿಗೆ 48 ಗಂಟೆ ಮುಂಚೆ ಕಿವಿ ಹಿಂದೆ ಸ್ವಲ್ಪ ಹಚ್ಚಿ ನೋಡಿ ಅಂತ ಡಬ್ಬದ ಮೇಲೇ ಬರೆದಿರುತ್ತಾರೆ. ನೋಟ್‌ನಲ್ಲಿ ಇದ್ದರೆ ನಾನಿಲ್ಲದ ದಿನವೂ ಹುಡುಗರು ನೋಡಿಕೊಳ್ಳುತ್ತಾರೆ.

ಅಪಾಯಿಂಟ್‌ಮೆಂಟ್ ಭಾಗ ನಮಗೆ ಉಪಯೋಗ ಇಲ್ಲ. ನಮ್ಮ ಗಿರಾಕಿ ಫೋನ್ ಮಾಡಿ 'ಅಣ್ಣಾ, ರಶ್ ಐತಾ?' ಅಂತ ಕೇಳುತ್ತಾರೆ, ಅದೇ ಅಪಾಯಿಂಟ್‌ಮೆಂಟ್. ಮದುಮಗನ ಬುಕಿಂಗ್ ಮಾತ್ರ ಅದರಲ್ಲಿ ಹಾಕುತ್ತಿದ್ದೆ. ಒಳ್ಳೆ ಮುಹೂರ್ತದ ದಿನ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. ಲಾಯಲ್ಟಿ ಪಾಯಿಂಟ್ ಅಂತೂ ಯಾರಿಗೂ ಅರ್ಥವಾಗಲಿಲ್ಲ.

ತೆರಿಗೆ ವಿಷಯ ಬರೆಯಲೇಬೇಕು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ನೆನಪಿದೆಯಲ್ಲ. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು 'ನೋ ಯುಪಿಐ' ಅಂತ ಬೋರ್ಡ್ ಹಾಕಿದರು. ನಮ್ಮಂಥ ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಾಮಾನು ಮಾತ್ರ ಮಾರುವವರಿಗೆ ಈ ಮಿತಿ 40 ಲಕ್ಷ. ತೊಂದರೆ ಏನೆಂದರೆ ಅಂಗಡಿಯ ಕ್ಯೂಆರ್‌ಗೇ ತಮ್ಮ ಕಳಿಸಿದ ಸಾಲ, ಚೀಟಿ ದುಡ್ಡು ಎಲ್ಲ ಬರುತ್ತಿರುತ್ತದೆ. ಯಾವುದು ವ್ಯಾಪಾರ, ಯಾವುದು ಮನೆ ದುಡ್ಡು ಅಂತ ಬಿಡಿಸಿ ತೋರಿಸಲು ಬಿಲ್ ಬೇಕು. ನನ್ನ ವಹಿವಾಟು ಮಿತಿಯೊಳಗೇ ಇದೆ, ಅದು ಕಾಗದದಲ್ಲೂ ಇದೆ. ಹಾಗಾಗಿ ಆ ತಿಂಗಳು ನನ್ನ ಕ್ಯೂಆರ್ ಗೋಡೆ ಮೇಲೆ ಇದ್ದಂಗೇ ಇತ್ತು.

ಇಲ್ಲಿ ಒಂದು ಎಚ್ಚರಿಕೆ. ಈ ಆ್ಯಪ್ ಬಂದಾಗ ಬಿಲ್ಲಿನಲ್ಲಿ 18% ಟ್ಯಾಕ್ಸ್ ಸಾಲು ಆನ್ ಆಗಿಯೇ ಇತ್ತು. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗಿಲ್ಲ. ಮೊದಲ ಬಿಲ್ ಹೊಡೆಯುವ ಮುಂಚೆಯೇ ಸೆಟ್ಟಿಂಗ್ ನೋಡಿ. ನೋಂದಣಿ ಇರುವವರಿಗೆ 2025ರ ಸೆಪ್ಟೆಂಬರ್ 22ರಿಂದ ಸಲೂನ್ ಕೆಲಸಕ್ಕೆ 18% ಹೋಗಿ 5% ಆಗಿದೆ. ಆದರೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಅಂದರೆ ಸಾಮಾನು ತರುವಾಗ, ಬಾಡಿಗೆಗೆ ಕಟ್ಟಿದ ಜಿಎಸ್‌ಟಿ ವಾಪಸ್ ಲೆಕ್ಕಕ್ಕೆ ಬರುವುದಿಲ್ಲ. ರೇಟು ಇಳಿಸುವ ಮುಂಚೆ ಇದನ್ನೂ ಸೇರಿಸಿ ಲೆಕ್ಕ ಹಾಕಿ.

ಉಳಿದ ದೂರುಗಳು. ಕಸ್ಟಮರ್ ಕೇರ್‌ನವರು ಹಿಂದಿ, ಇಂಗ್ಲಿಷ್ ಬಿಟ್ಟು ಮಾತಾಡುವುದಿಲ್ಲ. ನೆಟ್ ಹೋದರೆ ಬಿಲ್ ಆಗುವುದಿಲ್ಲ, ಭಾನುವಾರವೇ ನೆಟ್ ಹೋಗುತ್ತದೆ. ಕೈ ತುಂಬ ನೊರೆ ಇರುವಾಗ ಟ್ಯಾಬ್ ಮುಟ್ಟುವವರು ಯಾರು? ಅದಕ್ಕೆ ಒಂದೊಂದು ಕುರ್ಚಿಗೆ ಒಂದು ಚೀಟಿ ಪುಸ್ತಕ ಇಟ್ಟಿದ್ದೇವೆ, ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಎಂಟ್ರಿ ಮಾಡುತ್ತೇನೆ. ಈ ಎಂಟ್ರಿ ಬೇಸರ ಅನ್ನುವವರು ಆ್ಯಪ್ ಕೊಳ್ಳಬೇಡಿ. ಅರ್ಧ ಬಿಲ್ ಹಾಕಿದರೆ ರಿಪೋರ್ಟೂ ಅರ್ಧ ಸುಳ್ಳು. ಒಬ್ಬರೇ ಒಂದೇ ಕುರ್ಚಿಯಲ್ಲಿ ಕೆಲಸ ಮಾಡುವವರಿಗೂ ಬೇಡ, ಒಂದು ನೋಟ್‌ಬುಕ್ ಸಾಕು.

ಎರಡನೇ ವರ್ಷ ರಿನ್ಯೂವಲ್ ರೇಟನ್ನು ಹೇಳದೆ ಏರಿಸಿದರು. ಫೋನ್ ಮಾಡಿ ಬಿಡುತ್ತೇನೆ ಅಂದ ಮೇಲೆ ಹಳೇ ರೇಟಿಗೇ ಕೊಟ್ಟರು, ನೀವೂ ಕೇಳಿ. ಈ ಸಲ ಮೆಸೇಜ್ ಪ್ಯಾಕ್, ಅಪಾಯಿಂಟ್‌ಮೆಂಟ್ ಎರಡೂ ತೆಗೆಸಿ ಬರೀ ಬಿಲ್ಲಿಂಗ್ ಪ್ಲಾನ್ ತೆಗೆದುಕೊಂಡಿದ್ದೇನೆ. ಗಿರಾಕಿಗಳ ಲಿಸ್ಟನ್ನು ಪ್ರತಿ ತಿಂಗಳು ಎಕ್ಸೆಲ್‌ನಲ್ಲಿ ಇಳಿಸಿ ಇಟ್ಟುಕೊಳ್ಳುತ್ತೇನೆ. ನಾಳೆ ಬೇರೆ ಆ್ಯಪಿಗೆ ಹೋದರೂ ಆ ಲಿಸ್ಟ್ ನನ್ನ ಹತ್ತಿರ ಇರುತ್ತದೆ. ಕೊಳ್ಳುವ ಮುಂಚೆ ಈ ಎಕ್ಸೆಲ್ ಇಳಿಸುವುದನ್ನು ಡೆಮೋದಲ್ಲೇ ಮಾಡಿ ತೋರಿಸಿ ಅನ್ನಿ.