ಮಡಿಕೇರಿ ಬಿಟ್ಟು ಮೂರೂವರೆ ಪೇಟೆ: ವಿರಾಜಪೇಟೆಯೋ, ಕುಶಾಲನಗರವೋ, ಸೋಮವಾರಪೇಟೆಯೋ?

ಕ್ರಿಸ್‌ಮಸ್ ವಾರದಲ್ಲಿ ಮಡಿಕೇರಿಯವರಿಗೆ ಮಡಿಕೇರಿ ಸಿಗುವುದಿಲ್ಲ. ಹಾಲು ತರಲು ಹೋದವರು ಮುಕ್ಕಾಲು ಗಂಟೆ ಬಿಟ್ಟು ಬರುತ್ತಾರೆ. ರಾಜಾಸೀಟ್ ಕಡೆಯ ರಸ್ತೆಯಲ್ಲಿ ಕಾರುಗಳು ಒಂದರ ಬಾಲ ಇನ್ನೊಂದು ಹಿಡಿದು ನಿಂತಿರುತ್ತವೆ. ಹೋದ ಸಲ ನಮ್ಮ ಗೇಟಿಗೆ ಅಡ್ಡ ಯಾರೋ ಕಾರು ನಿಲ್ಲಿಸಿ ಹೋಗಿದ್ದರು, ಒಳಗಿನಿಂದ ನಮ್ಮ ಕಾರು ತೆಗೆಯಲಿಕ್ಕೆ ಆಗಲಿಲ್ಲ. ಅಮ್ಮ ಜಗಲಿಯಲ್ಲಿ ಕೂತು ನೋಡಿ ನೋಡಿ ಕೊನೆಗೆ ಹೇಳಿದರು: "ಅವರೆಲ್ಲ ಇಲ್ಲಿಗೆ ಬರುವುದಾದರೆ ನಾವು ಬೇರೆ ಕಡೆ ಹೋಗುವ ಮಗ. ನಾಲ್ಕು ದಿನ ಊರು ಅವರಿಗೇ ಇರಲಿ."

ಹಾಗೆ ಹೊರಟದ್ದು. ಅಮ್ಮನಿಗೆ ಎಪ್ಪತ್ತೊಂದು, ಎಡಗಾಲಿನ ಗಂಟು ಹಿಡಿದಿದೆ. ಮಗಳು ನಾಲ್ಕನೇ ಕ್ಲಾಸು. ಹೆಂಡತಿ ಮತ್ತು ನಾನು ಸರದಿಯ ಮೇಲೆ ಸ್ಟಿಯರಿಂಗ್ ಹಿಡಿಯುವುದು. ಹೋಂಸ್ಟೇ ಬೇಡ, ತೋಟದೊಳಗಿನ ರೆಸಾರ್ಟ್ ಬೇಡ, ಪೇಟೆಯ ನಡುವೆಯೇ ಉಳಿಯಬೇಕು ಎಂದು ಮೊದಲೇ ಮಾತಾಗಿತ್ತು. ಮದುವೆಗೆ, ಸಾವಿಗೆ, ಕೋರ್ಟಿಗೆ, ಗೊಬ್ಬರಕ್ಕೆ ಅಂತ ಈ ಪೇಟೆಗಳಿಗೆ ನೂರು ಸಲ ಹೋಗಿದ್ದೇವೆ. ಆದರೆ ಕೆಲಸ ಮುಗಿದ ಮೇಲೆ ಅಲ್ಲಿ ಒಂದು ರಾತ್ರಿ ನಿಂತವರಲ್ಲ. ಅಮ್ಮನಿಗೆ ನಡೆಯಲಿಕ್ಕೆ ಆಗುತ್ತದೆಯೇ, ಮಗಳು ಸಂಜೆಯೊಳಗೆ ಫೋನ್ ಕೇಳುತ್ತಾಳೆಯೇ ಎಂಬುದು ಮನೆಯವರ ಅಳತೆ. ನನ್ನದು ಬೇರೆ: ರಾತ್ರಿ ಏಳೂವರೆಗೆ ಆ ಪೇಟೆಯಲ್ಲಿ ಜೀವ ಇರುತ್ತದೆಯೇ?

ವಿರಾಜಪೇಟೆಗೆ ಮೂರ್ನಾಡು ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ನಾವು ಬೇಕೆಂದೇ ನಾಪೋಕ್ಲು, ಕಕ್ಕಬ್ಬೆ ಸುತ್ತಿ ಹೋದೆವು. ಅರೇಬಿಕಾ ಕೊಯ್ಲಿನ ಕಾಲ. ಕಣಗಳಲ್ಲಿ ಕಾಫಿ ಹರಡಿತ್ತು, ಹಣ್ಣು ಸುಲಿಯುವ ಪಲ್ಪರ್ ಯಂತ್ರದ ನೀರಿನ ಹುಳಿ ವಾಸನೆ ಕಾರಿನ ಗಾಜು ಏರಿಸಿದರೂ ಒಳಗೆ ಬರುತ್ತಿತ್ತು. ಯವಕಪಾಡಿಯ ನಾಲ್ಕುನಾಡು ಅರಮನೆಯನ್ನು ಅರಮನೆ ಅಂದುಕೊಂಡು ಹೋದರೆ ನಿರಾಸೆಯೇ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಎರಡು ಅಂತಸ್ತಿನ ಮನೆ ಅದು. ಎದುರಿಗೆ ಒಂದು ಪುಟ್ಟ ಮಂಟಪ, ಹಿಂದೆ 1,748 ಮೀಟರ್ ಎತ್ತರದ ತಡಿಯಂಡಮೋಳ್. ಒಳಗೆ ಕತ್ತಲೆ ಕೋಣೆಗಳು. ಮಗಳಿಗೆ ಆ ಕತ್ತಲೆಯೇ ಸಾಕಾಯಿತು, ಮೂರು ಸಲ ಬಚ್ಚಿಟ್ಟುಕೊಂಡಳು. 1834ರಲ್ಲಿ ಚಿಕ್ಕವೀರರಾಜನೂ ಇಂಗ್ಲಿಷರಿಂದ ತಪ್ಪಿಸಿಕೊಳ್ಳಲು ಇಲ್ಲಿಗೇ ಬಂದಿದ್ದ ಅಂದೆ. "ಅವನನ್ನು ಹುಡುಕಿದ್ದು ಯಾರು?" ಅಂತ ಕೇಳಿದಳು. ಅವಳ ಮಟ್ಟಿಗೆ ಅದೂ ಕಣ್ಣಾಮುಚ್ಚಾಲೆಯೇ.

ವಿರಾಜಪೇಟೆ ಮುಟ್ಟುವಾಗ ಮೂರು ಗಂಟೆ. ಊರಿನ ಹೆಸರೇ ವೀರರಾಜೇಂದ್ರಪೇಟೆ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಕಣ್ಣೂರು ಕಡೆಯಿಂದ ಸೈನ್ಯ ತಂದ ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ ರಾಜ ಕಟ್ಟಿಸಿದ ಪೇಟೆ, ಅದೂ 1792ರದ್ದೇ. ಸಂತ ಅನ್ನಮ್ಮನವರ ಚರ್ಚಿನ ಮೂಲವೂ ಆ ವರ್ಷಕ್ಕೇ ಹೋಗುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ರಾಜ ಜಾಗ ಕೊಟ್ಟ. ಕ್ರಿಸ್‌ಮಸ್ ಮುಗಿದು ಒಂದೇ ದಿನ ಆಗಿದ್ದರಿಂದ ಗೋದಲಿ ಹಾಗೆಯೇ ಇತ್ತು, ನಕ್ಷತ್ರಗಳು ತೂಗುತ್ತಿದ್ದವು. ಎತ್ತರದ ಗೋಪುರದ ಕೆಳಗೆ ನಿಂತು ಅಮ್ಮ ಕೈಮುಗಿದರು. ಅವರಿಗೆ ದೇವರ ಮನೆ ಯಾವುದಾದರೂ ಒಂದೇ, ಮೆಟ್ಟಿಲು ಕಡಿಮೆ ಇದ್ದರೆ ಆಯಿತು.

ಸಂಜೆಯೇ ಈ ಊರಿನ ಬಂಡವಾಳ. ಗಡಿಯಾರ ಗೋಪುರದ ಸುತ್ತಮುತ್ತ ರಸ್ತೆಗಳು ಏರಿಳಿದು ಕವಲೊಡೆಯುತ್ತವೆ, ಒಂದೊಂದರಲ್ಲೂ ಬೇರೆ ಬೇರೆ ವಾಸನೆ. ಒಂದು ಕಡೆ ಒಣಮೀನು, ಇನ್ನೊಂದು ಕಡೆ ಬೇಕರಿ, ಮತ್ತೊಂದು ಕಡೆ ಕರಿಮೆಣಸಿನ ಗೋಣಿ. ಮಾಕುಟ್ಟದ ಘಾಟಿ ಇಳಿದರೆ ಕೇರಳವಾದ್ದರಿಂದ ಚಹಾದಂಗಡಿಯಲ್ಲಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಬಿಸಿಬಿಸಿ ಸಿಗುತ್ತದೆ. ನಾವು ಕೂತ ಅಂಗಡಿಯವರು ಒಳಗಿನ ಹುಡುಗನಿಗೆ ಮಲಯಾಳದಲ್ಲಿ ಕೂಗಿ, ಪಕ್ಕದ ಟೇಬಲಿನವರಿಗೆ ಕೊಡವ ತಕ್ಕಿನಲ್ಲಿ ಉತ್ತರ ಕೊಟ್ಟು, ನಮ್ಮ ಕಡೆ ತಿರುಗಿ "ನಿಮಗೆ ಎಂತ ಬೇಕಿತ್ತು?" ಅಂದರು. ಮೂರೂ ಅರ್ಧ ನಿಮಿಷದೊಳಗೆ. ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಫೋನ್ ಕೇಳಲಿಲ್ಲ.

ಕಾಚಂಪುಳಿ ಕೊಂಡದ್ದೂ ಇಲ್ಲೇ. ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವ ತನಕ ಕುದಿಸಿ ಇಳಿಸಿದ ಹುಳಿ ಅದು. ಹಂದಿ ಸಾರಿಗೆ ಆ ಕಡುಬಣ್ಣ ಬರುವುದು ಇದರಿಂದಲೇ. ಅಮ್ಮ ಬಾಟಲಿಯ ಮೇಲಿನ ಚೀಟಿ ಓದಲಿಲ್ಲ. ಅಂಗೈಗೆ ಒಂದು ಹನಿ ಹಾಕಿಸಿಕೊಂಡು ನೆಕ್ಕಿ, ಒಂದು ಕಣ್ಣು ಮುಚ್ಚಿ, ತುಸು ಹೊತ್ತು ಬಿಟ್ಟು "ಬೇಡ" ಅಂದರು. ಮೂರನೇ ಅಂಗಡಿಯ ಹನಿಗೆ ಎರಡೂ ಕಣ್ಣು ಮುಚ್ಚಿದವು. ಅದನ್ನೇ ತಂದೆವು. ರಾತ್ರಿ ಊಟ ಕಡಂಬುಟ್ಟು, ಹಂದಿ ಸಾರು. ಮಡಿಕೇರಿಯ ಪ್ರವಾಸಿ ಹೋಟೆಲುಗಳಲ್ಲಿ ಎಣ್ಣೆ ಮೇಲೆ ತೇಲುವ ಹಾಗೆ ಇಲ್ಲಿ ತೇಲಲಿಲ್ಲ, ಉಂಡೆ ಮುರಿದರೆ ಅಕ್ಕಿ ತರಿ ಬಿಡಿಬಿಡಿಯಾಗಿತ್ತು. ಕೋಣೆ ಎರಡು ಸಾವಿರ. ಅದೇ ವಾರ ಮಡಿಕೇರಿಯಲ್ಲಿ ಅಂಥದ್ದಕ್ಕೆ ಆರು ಸಾವಿರ ಕೇಳುತ್ತಿದ್ದರು.

ಕೊರತೆ ಇಲ್ಲವೆಂದಲ್ಲ. ಏರು-ಇಳಿತ ಅಮ್ಮನ ಗಂಟಿಗೆ ಆಗಲಿಲ್ಲ, ಎರಡು ಸಲ ಆಟೋ ಹಿಡಿಯಬೇಕಾಯಿತು. ಫುಟ್‌ಪಾತ್ ಇರುವ ಕಡೆ ಬೈಕು ನಿಂತಿರುತ್ತವೆ. ಬೆಳಗಿನ ಹೊತ್ತು ಪೇಟೆಯೊಳಗೆ ಮಕ್ಕಳಿಗೆ ತೋರಿಸುವಂಥದ್ದು ಹೆಚ್ಚೇನಿಲ್ಲ. ಮಲೆತಿರಿಕೆ ಬೆಟ್ಟಕ್ಕೆ ಹೋಗಿ ಮಂಜಿನ ಕೆಳಗೆ ಪೇಟೆ ಮೇಲೇಳುವುದನ್ನು ನೋಡಬಹುದು, ಆದರೆ ಅದಕ್ಕೆ ಒಂಬತ್ತು ವರ್ಷದವಳನ್ನು ಆರು ಗಂಟೆಗೆ ಎಬ್ಬಿಸಬೇಕು.

ಶನಿವಾರ ಮಧ್ಯಾಹ್ನ ಗೋಣಿಕೊಪ್ಪ. ಇದೇ ನನ್ನ ಅರ್ಧ ಪೇಟೆ. ಉಳಿಯಲಿಲ್ಲ, ಉಂಡೆವು, ನಡೆದೆವು. ವ್ಯಾಪಾರಕ್ಕೆ ಕೊಡಗಿನಲ್ಲಿ ಇದರಷ್ಟು ಗಟ್ಟಿ ಊರು ಕಡಿಮೆ, ಆದರೆ ಕೊಳ್ಳಲಿಕ್ಕೆ ಬಂದವರಿಗೆ ಮಾತ್ರ. ಇರ್ಪು ಜಲಪಾತಕ್ಕೆ ಹೋಗುವ ಆಸೆ ಇತ್ತು, ಹೋದರೆ ಕತ್ತಲಾಗುತ್ತದೆ. ಪಾಲಿಬೆಟ್ಟ, ಸಿದ್ದಾಪುರ ದಾರಿಯಲ್ಲಿ ಕತ್ತಲಾದ ಮೇಲೆ ಕುಟುಂಬ ಕಟ್ಟಿಕೊಂಡು ಹೋಗಬಾರದು ಎಂಬುದನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೋಟದಿಂದ ತೋಟಕ್ಕೆ ಆನೆ ರಸ್ತೆ ದಾಟುವ ಹೊತ್ತು ಅದು. ಒಂದು ತಿರುವಿನಲ್ಲಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಹೆಂಡತಿ ಮಾತಾಡದೆ ಗೇರ್ ಬದಲಿಸಿದಳು. ಸಿದ್ದಾಪುರ ದಾಟಿ ನೆಲ್ಯಹುದಿಕೇರಿಗೆ ಹೋಗುವ ಸೇತುವೆ ಮೇಲೆ ಕಾವೇರಿ ಕಂಡ ಮೇಲೆಯೇ ಎಲ್ಲರೂ ಉಸಿರು ಬಿಟ್ಟದ್ದು.

ಕುಶಾಲನಗರದ ಬಗ್ಗೆ ನನಗೆ ಮೊದಲಿನಿಂದಲೂ ಅಸಡ್ಡೆ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಳೆದೇ ಲೆಕ್ಕ ಹಾಕಿ. ಮಡಿಕೇರಿಗಿಂತ ಮುನ್ನೂರು ಮೀಟರ್ ತಗ್ಗಿನಲ್ಲಿರುವ ಸಪಾಟು ಊರು. ಬೆಂಗಳೂರು ಹೆದ್ದಾರಿ ನಟ್ಟನಡುವೆ ಹಾದುಹೋಗುತ್ತದೆ. ನಾವು ಇಳಿದ ಲಾಡ್ಜಿನಲ್ಲಿ "ಬಿಸಿನೀರು ಆರರಿಂದ ಎಂಟು" ಎಂದು ಬರೆದಿತ್ತು. ಆರೂವರೆಗೆ ನಲ್ಲಿ ತಿರುಗಿಸಿದರೆ ತಣ್ಣೀರು, ಏಳಕ್ಕೆ ತಣ್ಣೀರು, ಏಳೂಮುಕ್ಕಾಲಿಗೆ ಕೆಳಗೆ ಕೇಳಿದರೆ "ಸೋಲಾರ್ ಅಲ್ವಾ ಸಾರ್, ಬಿಸಿಲು ಬರಲಿ". ರಾತ್ರಿಯಿಡೀ ಲಾರಿಗಳ ಹಾರ್ನು. ಏಳೂವರೆಯ ಪರೀಕ್ಷೆಯಲ್ಲಿ ಮಾತ್ರ ಊರು ಪಾಸು: ಗೋಬಿ ಗಾಡಿಗಳು, ಬಟ್ಟೆ ಅಂಗಡಿಗಳು, ಹತ್ತರ ತನಕ ಬೆಳಕು. ಆದರೆ ಆ ಬೆಳಕು ದಾರಿಹೋಕರಿಗಾಗಿ ಉರಿಯುವಂಥದ್ದು.

ಹೀಗೆಲ್ಲ ಅಂದುಕೊಂಡು ನಾನು ಮುಖ ಗಂಟು ಹಾಕಿದ್ದರೆ, ಅಮ್ಮ ಒಂದು ಕಿಲೋಮೀಟರ್ ನಡೆದರು! ಏರಿಲ್ಲ, ಮೆಟ್ಟಿಲಿಲ್ಲ, ಔಷಧಿ ಅಂಗಡಿ ಮೂರು ಹೆಜ್ಜೆಗೊಂದು. ಭಾನುವಾರ ಬೆಳಿಗ್ಗೆ ಬೈಲುಕುಪ್ಪೆಗೆ ಹೋದೆವು. 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧನೆದುರು ಮಗಳು ಗದ್ದಲವಿಲ್ಲದೆ ಇಪ್ಪತ್ತು ನಿಮಿಷ ಕೂತಳು. ನಾಲ್ಕು ದಿನದ ದಾಖಲೆ ಅದು. ಅಮ್ಮ ಪ್ರಾರ್ಥನಾ ಚಕ್ರಗಳನ್ನು ಒಂದೂ ಬಿಡದೆ ತಿರುಗಿಸಿದರು. ನಾನು ಸುಮ್ಮನಿರಲಾರದೆ ಹೇಳಿದೆ, ಇದು ಕುಶಾಲನಗರವೇ ಅಲ್ಲ, ಹೊಳೆ ದಾಟಿದ ಮೇಲೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು ಅಂತ. "ಹೊಳೆಗೆ ಗೊತ್ತುಂಟಾ ಅದು?" ಅಂದರು ಅಮ್ಮ.

ನಿಸರ್ಗಧಾಮದಲ್ಲಿ ತೂಗುಸೇತುವೆಗಿಂತ ಟಿಕೆಟ್ ಸಾಲೇ ಉದ್ದ ಇತ್ತು. ವಾಪಸ್ ಬಂದೆವು. ಆಟೋದವರು ಒಂದು ಬಡಾವಣೆಯ ಕಾಂಪೌಂಡ್ ತೋರಿಸಿ, 2018ರಲ್ಲಿ, ಮತ್ತೆ 2019ರಲ್ಲಿ ಕಾವೇರಿ ಎಲ್ಲಿಯ ತನಕ ಬಂದಿತ್ತು ಅಂತ ತಮ್ಮ ಎದೆಗೆ ಕೈಯಿಟ್ಟು ತೋರಿಸಿದರು. ಊರಿನ ಹೆಸರಿನ ಕತೆಯನ್ನೂ ಹೇಳಿದರು: ಮಗ ಟಿಪ್ಪು ಹುಟ್ಟಿದ ಸುದ್ದಿ ಹೈದರನಿಗೆ ಇಲ್ಲಿ ಸಿಕ್ಕಿತು, ಅದಕ್ಕೇ ಕುಶಾಲ. ಕೇಳಲಿಕ್ಕೆ ಚಂದ. ಲೆಕ್ಕ ಕೂಡುವುದಿಲ್ಲ. ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ಹೈದರನ ಕೈ ಕೊಡಗಿನ ಕಡೆ ಚಾಚಿದ್ದು ಅದಕ್ಕಿಂತ ಎಷ್ಟೋ ವರ್ಷ ಈಚೆಗೆ. ಬ್ರಿಟಿಷರ ಕಾಲದಲ್ಲಿ ಇದು ಕರ್ನಲ್ ಫ್ರೇಸರನ ಹೆಸರಿನ ಫ್ರೇಸರ್‌ಪೇಟೆ.

ಸಂಜೆಯೊಳಗೆ ಯಡವನಾಡು ಕಾಡು ದಾಟಿ, ಐಗೂರಿನ ಮೇಲೆ ಸೋಮವಾರಪೇಟೆ. ಗಾಜು ಇಳಿಸಿದರೆ ಗಾಳಿಯೇ ಬೇರೆ. ಬೆಟ್ಟಗಳು ಹತ್ತಿರ ಬಂದವು, ಸ್ವೆಟರ್‌ಗಳು ಹೊರಬಂದವು. ಪೇಟೆ ಸಣ್ಣದು, ಸುಳ್ಳು ಹೇಳುವುದಿಲ್ಲ. ಏಳೂವರೆಗೆ ಒಂದು ಬೇಕರಿ, ಎರಡು ಮೆಡಿಕಲ್ಲು, ಒಂದು ನಾಯಿ. ಎಂಟಕ್ಕೆ ಬೇಕರಿಯೂ ಇಲ್ಲ. ನನ್ನ ಅಳತೆಯಲ್ಲಿ ಸೋಮವಾರಪೇಟೆ ನಪಾಸು. ಹೋಟೆಲಿನಲ್ಲಿ ಕೊಟ್ಟ ಕಾಫಿ ಚಿಕೋರಿಯ ಕಷಾಯ. ಜಿಲ್ಲೆಯ ಒಳ್ಳೆಯ ಅರೇಬಿಕಾ ಬೆಳೆಯುವ ಸೀಮೆಯಲ್ಲಿ ಕೂತು ಅದನ್ನು ಕುಡಿದೆವು. ಈ ದೂರು ಸೋಮವಾರಪೇಟೆಯ ಮೇಲೆ ಮಾತ್ರವಲ್ಲ, ನಾಲ್ಕೂ ಕಡೆ ಇದೇ ಗತಿ.

ಆದರೆ ಬೆಳಗಾಗಲಿ. ನಾವು ಬೇಕೆಂದೇ ಭಾನುವಾರ ಅಲ್ಲಿ ಉಳಿದದ್ದು, ಸೋಮವಾರ ಸಂತೆ ಎಂದು. (ನಮ್ಮದು ಶುಕ್ರವಾರದ ಸಂತೆ, ಇತ್ತ ಮುಂದೆ ಹೋದರೆ ಶನಿವಾರಸಂತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಹುಟ್ಟಿದ್ದು ಆ ಊರಿನಲ್ಲಿ, 1899ರಲ್ಲಿ. ಕ್ಯಾಲೆಂಡರ್ ನೋಡಿ ಊರಿಗೆ ಹೆಸರಿಟ್ಟ ಸೀಮೆ ಇದು.) ಶುಂಠಿ, ಗೆಣಸು, ಬೆಣ್ಣೆಹಣ್ಣು, ಗಾಂಧಾರಿ ಮೆಣಸು. ಕಿತ್ತಳೆ ರಾಶಿ ಕಂಡು ಅಮ್ಮ ನಿಂತರು. "ನಮ್ಮದೋ, ನಾಗಪುರದ್ದೋ?" ಮಾರುವವಳು ನಕ್ಕು ದೊಡ್ಡ ರಾಶಿ ಬಿಟ್ಟು ಕೆಳಗಿನ ಬುಟ್ಟಿ ಎಳೆದಳು. ಸಿಪ್ಪೆ ಸಡಿಲ, ಹಸಿರು ಪೂರ್ತಿ ಹೋಗಿಲ್ಲ, ನೋಡಲಿಕ್ಕೆ ಏನೇನೂ ಚಂದವಿಲ್ಲ. ಬಿಡಿಸಿದಾಗ ಬೆರಳಿಗೆ ಹತ್ತಿದ ಎಣ್ಣೆಯ ಪರಿಮಳ ಮಧ್ಯಾಹ್ನ ಊಟ ಮಾಡಿ ಕೈ ತೊಳೆದ ಮೇಲೂ ಇತ್ತು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಸಂತೆಯಲ್ಲಿ ಅದು ಬುಟ್ಟಿಯಷ್ಟೇ, ರಾಶಿಯಲ್ಲ.

ಹಿಂದಿನ ಸಂಜೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಹೋಗಿ ಬಂದಿದ್ದೆವು, ಪೇಟೆಯಿಂದ ಆರು ಕಿಲೋಮೀಟರ್. ಗೌರಿ ಹಬ್ಬಕ್ಕೆ ಬಾಗಿನ ಬಿಡುವ ಕೆರೆ. ನೀರು ಬಾರದ ಕೆರೆಗೆ ಸೊಸೆ ಹೊನ್ನಮ್ಮ ಬಲಿಯಾದ ಕತೆಯನ್ನು ಅಮ್ಮ ಮೊಮ್ಮಗಳಿಗೆ ಏರಿಯ ಮೇಲೆ ಕೂತು ಹೇಳಿದರು. ಕತೆ ಮುಗಿದ ಮೇಲೆ ಅವಳು ಬಹಳ ಹೊತ್ತು ನೀರು ನೋಡಿ ಕೇಳಿದಳು: "ಅಜ್ಜಿ, ಅವಳಿಗೆ ಈಜು ಬರ್ತಿರ್ಲಿಲ್ವಾ?"

ಮಲ್ಲಳ್ಳಿ ಜಲಪಾತಕ್ಕೆ ಶಾಂತಳ್ಳಿ ಮೇಲೆ 25 ಕಿಲೋಮೀಟರ್ ಆಗುತ್ತದೆ. ಮಳೆಗಾಲದ ಅಬ್ಬರ ಡಿಸೆಂಬರಿನಲ್ಲಿ ಇರುವುದಿಲ್ಲ. ಇದ್ದಷ್ಟೇ ಸಾಕಿತ್ತು, ಪುಷ್ಪಗಿರಿಯ ಪಕ್ಕದಲ್ಲಿ ಬಿಳಿ ನೀರು ಹಂತಹಂತವಾಗಿ ಬೀಳುತ್ತಿತ್ತು. ಅಮ್ಮ ಮೇಲೆಯೇ ಚುರುಮುರಿ ಹಿಡಿದು ಕೂತರು. ನಾವು ನೂರಾರು ಮೆಟ್ಟಿಲು ಇಳಿದೆವು. ಹತ್ತುವಾಗ ಮಗಳು ಎರಡು ಸಲ ಕೂತಳು, ನಾನು ಐದು ಸಲ. ಇಲ್ಲಿಯ ನೀರು ಕುಮಾರಧಾರೆ, ಪಡುವಣಕ್ಕೆ ಇಳಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ನಿನ್ನೆ ಬೆಳಿಗ್ಗೆ ನೋಡಿದ ಕಾವೇರಿ ಹೋಗುವುದು ಮೂಡಣಕ್ಕೆ. ಒಂದೇ ಟ್ಯಾಂಕ್ ಪೆಟ್ರೋಲಿನಲ್ಲಿ ಎರಡು ಕಡಲಿನ ನೀರು ನೋಡಿದ ಹಾಗಾಯಿತು.

ಈಗ ಪಂಚಾಯಿತಿ. ಕಣ್ಣಿಗೆ ಸೋಮವಾರಪೇಟೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಡುವುದೆಲ್ಲ ಪೇಟೆಯ ಹೊರಗೆ, ಸೋಮವಾರ ಬಿಟ್ಟು ಬೇರೆ ದಿನ ಹೋದರೆ ಪೇಟೆಯೊಳಗೆ ಕೆಲಸವಿಲ್ಲ. ವಯಸ್ಸಾದವರೂ ಎಳೆಯ ಮಕ್ಕಳೂ ಒಟ್ಟಿಗಿದ್ದರೆ ಕುಶಾಲನಗರವೇ ಸರಿ ಎಂದು ಹಲ್ಲು ಕಚ್ಚಿ ಒಪ್ಪುತ್ತೇನೆ. ಲಾಡ್ಜನ್ನು ಹೆದ್ದಾರಿಯಿಂದ ಒಳಗೆ ಹುಡುಕಿ, ಬಿಸಿನೀರು ಯಾವುದರದ್ದು ಎಂದು ಕೇಳಿ. ನನಗೆ ಮಾತ್ರ ವಿರಾಜಪೇಟೆ. ಅದೊಂದೇ ಊರಿನಲ್ಲಿ ನಾವು ಏನನ್ನೂ "ನೋಡಲು" ಹೋಗದೆ ಸಂಜೆ ಕಳೆದೆವು.

ಹೆಂಡತಿ ಇದಕ್ಕೆ ಒಪ್ಪಿಲ್ಲ. ಅವಳ ಓಟು ಸೋಮವಾರಪೇಟೆಗೆ, ಕಾರಣ ಆ ನಿದ್ದೆ. ಹಾರ್ನಿಲ್ಲದ, ಕನಸಿಲ್ಲದ ಒಂಬತ್ತು ಗಂಟೆ ಮಲಗಿದೆ ಅನ್ನುತ್ತಾಳೆ. ಮಗಳದು ಬುದ್ಧನ ಕಡೆ.

ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ದಾರಿಯಲ್ಲಿ ವಾಪಸ್ ಬಂದೆವು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಕಡೆಗಳಲ್ಲಿ ಈಗ ಹುಲ್ಲು, ಕುರುಚಲು. ಗೊತ್ತಿದ್ದವರಿಗೆ ಮಾತ್ರ ಗಾಯ ಕಾಣುತ್ತದೆ. ಅಮ್ಮ ಆ ಹತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಕಿತ್ತಳೆ ತೊಳೆ ಮುಂದಕ್ಕೆ ಚಾಚಿ, ಗಣೇಶನ ಹಬ್ಬಕ್ಕೆ ವಿರಾಜಪೇಟೆಗೆ ಹೋಗುವ ಅಂದರು. ಅನಂತನ ಚತುರ್ದಶಿ ರಾತ್ರಿ ಮಂಟಪಗಳ ಮೆರವಣಿಗೆ ಹೊರಟು ಗೌರಿಕೆರೆಯಲ್ಲಿ ವಿಸರ್ಜನೆಯಾಗುವುದನ್ನು ಅವರು ಮದುವೆಗೆ ಮುಂಚೆ ನೋಡಿದ್ದಂತೆ. ಶರತ್ತು ಒಂದೇ: ಕೋಣೆ ಮೆರವಣಿಗೆ ಹೋಗುವ ರಸ್ತೆಯಲ್ಲೇ ಇರಬೇಕು, ನೆಲ ಅಂತಸ್ತು ಆಗಬಾರದು, ಮೂರನೇ ಮಹಡಿಯೂ ಆಗಬಾರದು. ಫೋನ್ ಮಾಡಿ ಕೇಳಿದ್ದೇನೆ. ಮೊದಲನೇ ಮಹಡಿ, ಹದಿನಾರು ಮೆಟ್ಟಿಲು.